‘ಆತು’ ಅಂದ ಮೇಲೆ

ಜಮಖಂಡಿ, ಸೋಮವಾರ, 9-11-1953

ಕಚೇರಿ. ಹಳೆಯ ಸಂಸ್ಥಾನದ ಕಾಗದ ನಕಲು ಮಾಡುವುದು ಮುಗಿಯುತ್ತಿಲ್ಲ. ಹೊಟ್ಟೆ ಮತ್ತೆ ಹಿಡಿದುಕೊಂಡಿದೆ. ಅಜವಾನ ಜಗಿದೆ, ಸೋಡಾ ಕುಡಿದೆ — ಇಳಿಯಲಿಲ್ಲ.

ಸಿಪಾಯಿ ಮಹಾಲಿಂಗಪ್ಪ ತಣ್ಣಗಿನ ಚಹಾ ತಂದನೆಂದು ಕಪ್ಪನ್ನು ಗೋಡೆಗೆ ಎಸೆದೆ. ಗೋಡೆಯ ಮೇಲೆ ಹಬೆ ಎದ್ದಿತು. ಚಹಾ ಬಿಸಿಯಾಗಿಯೇ ಇತ್ತು. ಅವನು ಸುಮ್ಮನೆ ಚೂರು ಆಯ್ದ. ಮಗ ಬಾಳುವನ್ನು ಕಳೆದುಕೊಂಡವನೆಂದು ಎಲ್ಲರೂ ತಾಳಿಕೊಳ್ಳುತ್ತಾರೆ. ಅದಕ್ಕೇ ಇನ್ನಷ್ಟು ಸಿಟ್ಟು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ... ನನ್ನ ಅತ್ತೆ ಯಾರೋ ನನಗೇ ತಿಳಿಯದು.

ಗುರುವಾರ, 12ನೇ ತಾರೀಖು. ಬೆಳಿಗ್ಗೆ

ಹೆಂಡತಿ ಪದ್ಮವ್ವ ಗಲಗಲಿಯ ತವರಿಗೆ ಹೋಗಿ ತಿಂಗಳ ಮೇಲಾಯಿತು. ಅವ್ವ ರೊಟ್ಟಿ ಬಡಿಯುತ್ತ ಕೇಳಿಯೇಬಿಟ್ಟಳು.

“ಆಕೀನ ಯಾವಾಗ ಕರಕೊಂಡ ಬರ್ತಿ?”

“ತಾನ ಹೋಗ್ಯಾಳ, ತಾನ ಬರಲಿ.”

“ಹೋಗಲಾರದ ಏನ ಮಾಡ್ತಾಳೋ ಅಮಸಿದ್ದ? ಬಾಳೂನ ಉಸುರು ನಿಂತಾಗ ಖೋಲಿಯಿಂದ ಹೊರಗ ಬಂದು ಏನಂದಿ? ಆತು ಅಂದಿ. ಕೆಲಸ ಮುಗಿಸಿದವರಂಗ. ಆಕಿ ಹಾಡ್ಯಾಡಿ ಅತ್ತರ ಸಾಕ್ಮಾಡು ಅಂತ ಒದರಿದಿ.”

ಅಂದೆನೇ? ಅಂದಿರಬೇಕು. ಸಾಹೇಬರು ಕಾಗದ ಕೊಟ್ಟರೆ — ಆತ್ರಿ. ಊಟಕ್ಕೆ ಕರೆದರೆ — ಆತು. ಬಾಳು ಬೆನ್ನೇರುತ್ತೇನೆ ಅಂದರೂ — ಆತು. ಅವನೂ ಅದನ್ನೇ ಕಲಿತಿದ್ದ. ರೊಟ್ಟಿ ತುಂಡು ನುಂಗಿ, ಬಾಯಿ ತೆರೆದು ತೋರಿಸಿ, ಆತು ಅನ್ನುತ್ತಿದ್ದ.

ಇಲ್ಲಿಗೆ ನಿಲ್ಲಿಸುತ್ತೇನೆ. ಹೊಟ್ಟೆ.

ಭಾನುವಾರ, 15. ಗಲಗಲಿ

ಮೋಟಾರು ಹಿಡಿದು ಬಂದೆ. ಮಾವ ಗಿರಮಲ್ಲಪ್ಪ ಹೊಳೆದಂಡೆಯಲ್ಲಿ ಕುರಿ ಮೇಯಿಸುತ್ತಿದ್ದರು. ಪಕ್ಕದಲ್ಲಿ ಕುಳಿತೆ. ಜೋಳದ ಮಾತಾಯಿತು. ಉಣ್ಣೆಯ ಮಾತಾಯಿತು. ಬಾಳೂನ ಮಾತು ಇಬ್ಬರೂ ಎತ್ತಲಿಲ್ಲ. ಕೊನೆಗೆ ನಾನೇ ಕೇಳಿದೆ.

“ಮಾವಾರ, ನಿಮಗ ಅಳು ಬರತೈತೇನ್ರಿ?”

ದೂರ ಹೋಗುತ್ತಿದ್ದ ಮರಿಯೊಂದನ್ನು ಕೋಲಿನಿಂದ ಹಿಂದಕ್ಕೆ ತಿರುಗಿಸಿದರು. “ಬರತೈತ್ರಿ ಅಳ್ಯಾರ. ಇಲ್ಲೇ ಅತ್ತು ಹೋಗ್ತೇನಿ. ಮನ್ಯಾಗ ಹೆಣಮಕ್ಕಳ ಮುಂದ ಹ್ಯಾಂಗ ಅಳೂದು? ಕುರಿ ಯಾರಿಗೂ ಹೇಳೂದಿಲ್ಲ.”

ನಮ್ಮ ಕಚೇರಿಯಲ್ಲೂ ಕುರಿಗಳಿಗೆ ಕಡಿಮೆಯಿಲ್ಲ. ಆದರೆ ಅವು ಹೇಳಿಬಿಡುತ್ತವೆ. ನಗು ಬಂತು. ನಗುತ್ತಲೇ ಅಳು ಕಿತ್ತು ಬಂತು... ಮಾವ ಆ ಕಡೆ ಮುಖ ತಿರುಗಿಸಿ ಕುಳಿತರು. ಎದ್ದು ಹೋಗಲಿಲ್ಲ. ಹೊಟ್ಟೆನೋವಲ್ಲ ಅದು. ದುಃಖ. ಇಷ್ಟು ದಿನ ಅಜವಾನ ತಿನ್ನಿಸಿದೆ ಅದಕ್ಕೆ.

ಮನೆಗೆ ಹೋದೆ. ಪದ್ಮವ್ವ ನೀರು ಕೊಟ್ಟು ಬಾಗಿಲ ಹಿಂದೆ ನಿಂತಳು. ಬಾಗಿಲಿಗೇ ಹೇಳಿದೆ.

“ಅವತ್ತು ಖೋಲ್ಯಾಗ ನಾನೂ ಅಂವಾ ಇಬ್ಬರಽ ಇದ್ವಿ. ಔಷಧ ಹಾಕಿದೆ. ನುಂಗಿ, ಬಾಯಿ ತೆರೆದು ತೋರಿಸಿದ. ಆತು ಅಂದ. ಆಮ್ಯಾಲ ಮತ್ತೇನೂ ಅನಲಿಲ್ಲ. ಹೊರಗ ಬಂದಾಗ ನನ್ನ ಬಾಯಾಗ ಅದೊಂದಽ ಮಾತಿತ್ತು.”

ಅವಳು ಬಾಗಿಲ ಹಿಂದಿನಿಂದ ಈಚೆ ಬಂದಳು. “ಇಷ್ಟ ದಿನಾ ಯಾಕ ಹೇಳಲಿಲ್ರಿ?”

“ನನಗಽ ತಿಳಿದಿರಲಿಲ್ಲ.”

ನಾನು ಒಬ್ಬನೇ ಮರಳಿದೆ. ಬರುತ್ತೇನೆ ಎಂದು ಅವಳು ಅನ್ನಲಿಲ್ಲ. ಬರುವುದಿಲ್ಲ ಅಂತಲೂ ಅನ್ನಲಿಲ್ಲ.

ಸೋಮವಾರ, 30. ಜಮಖಂಡಿ

ಮಹಾಲಿಂಗಪ್ಪನ ಕ್ಷಮೆ ಕೇಳಿದೆ. ಗಾಬರಿಯಾಗಿ ಇನ್ನೊಂದು ಚಹಾ ತಂದ.

ಶನಿವಾರ ಪದ್ಮವ್ವ ಬಂದಳು. ಮಾವ ಕರೆತಂದು ಬಿಟ್ಟು ಹೋದರು. ಮನೆಯಲ್ಲಿ ಮಾತು ಕಡಿಮೆ. ಅಳು ಬಂದಾಗ ಅಳುತ್ತಾಳೆ. ನಾನು ಎದ್ದು ಹೋಗುವುದಿಲ್ಲ, ಅಷ್ಟೇ. ಎದ್ದು ಹೋಗಬೇಕೆಂದು ಕಾಲು ಎಳೆಯುತ್ತದೆ.

ಇವತ್ತು ಪೆಟ್ಟಿಗೆಯಿಂದ ಬಾಳೂನ ಸಣ್ಣ ಕಂಬಳಿ ತೆಗೆದಳು. “ತಮ್ಮನ ಕೂಸಿಗೆ ಕೊಡೂಣೇನ್ರಿ? ಥಂಡಿ ಬಂತು.”

ಬಾಯಿಗೆ ಅದೇ ಮಾತು ಬಂತು. ನುಂಗಿದೆ. “ಈಗ ಬ್ಯಾಡ” ಅಂದೆ.

“ಯಾಕ್ರಿ?”

ಈ ವಹಿ ತೆಗೆದು ಕುಳಿತೆ. ಕಾಯುತ್ತ ನಿಂತಿದ್ದಾಳೆ. ಬರೆದು ನೋಡುತ್ತೇನೆ, ಆಮೇಲೆ ಹೇಳುತ್ತೇನೆ. ಯಾಕೆಂದರೆ ಆ ಕಂಬಳಿಯಲ್ಲಿ ಇನ್ನೂ ಅವನ ಮೈಯ ವಾಸನೆ ಇದೆ.