ಚಂಪಿನ್ನ ಕೊಪ್ಪಳಕ್ಕ ಒಯ್ದಿದ್ದೆ

ಅಣ್ಣಾ,

ನೀ ತೀರಿಕೊಂಡಮ್ಯಾಲೆ ನಿನ್ನ ನಾಯಿ ಚಂಪಿ ಅವ್ವನ ಮಗ್ಗಲದಾಗ ಮಲಗತೈತಿ. ಇವತ್ತ ಅದನ್ನ ಹಿಟ್ನಾಳದಿಂದ ಆಟೋದಾಗ ಕೊಪ್ಪಳದ ದವಾಖಾನಿಗೆ ಒಯ್ದಿದ್ದೆ.

"ಮೊಲಿಯಾಗಿನ ಕ್ಯಾನ್ಸರ್ ಶ್ವಾಸಕೋಶಕ್ಕ ಹಬ್ಬೇತ್ರಿ. ಭಾಳ ನೋವು ತಿನ್ನಾಕತ್ತೈತಿ. ಸೂಜಿ ಮಾಡಿ ಮುಕ್ತಿ ಕೊಟ್ಟುಬಿಡೂಣೇನ್ರಿ?" ಅಂದ್ರು ಡಾಕ್ಟರು.

"ಅವ್ವನ್ನ ಕೇಳ್ತೀನ್ರಿ" ಅಂದು ಹೊಳ್ಳಿ ಬಂದೆ.

ಅವ್ವ ಬಾಗಿಲದಾಗ ನಿಂತಿದ್ಲು. "ಉಳಿತೈತಂತೇನ? ಅವನದು ಅಂತ ನನಗ ಇದೊಂದ ಐತಿ."

"ಹೂಂ, ಉಳಿತೈತಂತ" ಅಂದುಬಿಟ್ಟೆ.

ಅವ್ವ ಖುಷಿಲೆ ಹಾಲಿನಾಗ ರೊಟ್ಟಿ ನೆನಸಿ ತಂದ್ಲು. ಚಂಪಿ ಮಾರಿ ಹೊಳ್ಳಿಸಿತು.

"ನೀನ ತಿನಸು, ನಿನ್ನ ಮಾತ ಕೇಳತೈತಿ" ಅಂದ್ಲು.

ಬಾಯಿ ತೆರೆಸಿ ತುತ್ತ ಇಟ್ಟೆ. ನನ್ನ ಮಾರಿನ ನೋಡಕೋತ ಕಷ್ಟಪಟ್ಟು ನುಂಗಿತು. ಅವ್ವ ಇನ್ನೊಂದ ರೊಟ್ಟಿ ತರಾಕ ಒಳಗ ಓಡಿದ್ಲು.

ನಿನ್ನ ತಂಗಿ,
ಶಾಂಭವಿ