ತಿಂಗಳಿಗೆ ಏಳುನೂರ ಐವತ್ತು

ನರಿಕೊಂಬು
8-11-1999, ಸೋಮವಾರ

ಪ್ರೀತಿಯ ಶಮೀರ್,

ಅಸ್ಸಲಾಮು ಅಲೈಕುಂ. ಹನ್ನೊಂದು ವರ್ಷ ಬರೆದ ಯಾವ ಪತ್ರದಲ್ಲೂ ನಿಮ್ಮ ಹೆಸರು ಹಾಕಿದವಳಲ್ಲ ನಾನು. ಗಂಡನ ಹೆಸರು ಹಿಡಿಯಬಾರದೆಂದು ನಿಮ್ಮ ಉಮ್ಮನೇ ಕಲಿಸಿದ್ದರು. ಈಗ ಆ ತೊಂದರೆ ಇಲ್ಲ. ಬರೆದೇಬಿಟ್ಟೆ. ಆರೋಗ್ಯ ಹೇಗಿದೆ? ದಮ್ಮಾಮಿನಲ್ಲಿ ಚಳಿ ಶುರುವಾಗಿರಬಹುದು. ಸೊಂಟನೋವಿಗೆ ನಾನು ಕಳುಹಿಸುತ್ತಿದ್ದ ಎಣ್ಣೆ ಮುಗಿದಿದ್ದರೆ ಇನ್ನು ಪುಂಜಾಲಕಟ್ಟೆಯ ನಿಮ್ಮ ಹೊಸ ಹೆಂಡತಿ ರಶೀನಾಳಿಗೆ ಬರೆಯಿರಿ. ಅಂಗಡಿ ಬಿ.ಸಿ. ರೋಡಿನ ಬಸ್‌ಸ್ಟ್ಯಾಂಡಿನ ಹಿಂದಿದೆ, ಪಾಪ, ಅವಳಿಗೆ ಗೊತ್ತಿರಲಿಕ್ಕಿಲ್ಲ.

ಮೇ ತಿಂಗಳಲ್ಲಿ ನೀವು ಕಳುಹಿಸಿದ ರಿಜಿಸ್ಟರ್ ಪತ್ರಕ್ಕೆ ಉತ್ತರ ಬರೆಯಲು ತಡವಾಯಿತು. ಮೂರು ತಲಾಖ್ ಒಂದೇ ಸಾಲಿನಲ್ಲಿ ಮುಗಿಸಿದ್ದಿರಿ, ಕೆಳಗೆ ನಿಮ್ಮ ವಕೀಲರ ಲೆಕ್ಕ. ತಲಾಖಿನ ನಂತರ ನಾನು ಇದ್ದತ್ತು ಕೂರುವ ಮೂರು ತಿಂಗಳಿಗೆ ಊಟ, ಬಟ್ಟೆ, ವಾಸ ಎಲ್ಲ ಸೇರಿ ತಿಂಗಳಿಗೆ ಏಳುನೂರ ಐವತ್ತರಂತೆ ಎರಡು ಸಾವಿರದ ಇನ್ನೂರ ಐವತ್ತು. "ಅವಧಿ ಮುಗಿದ ಮೇಲೆ ನಸೀಬಾ ಎಂಬವಳು ಮನೆ ಬಿಟ್ಟು ಹೋಗತಕ್ಕದ್ದು, ನನ್ನ ತಾಯಿ ಖದೀಜ ಅಲ್ಲೇ ಇರತಕ್ಕದ್ದು" ಎಂದು ಬರೆದಿದ್ದಿರಿ. ನಿಮ್ಮ ವೀಸಾಕ್ಕೆಂದು ಮಾರಿದ ನನ್ನ ಇಪ್ಪತ್ತೆರಡು ಪವನು ಚಿನ್ನದ ಮಾತು ಹುಡುಕಿದೆ, ಸಿಗಲಿಲ್ಲ. ಆ ಪತ್ರ ಓದಿದಾಗ ಮಡಿಲಲ್ಲಿ ಬೀಡಿ ಕಟ್ಟುವ ಮೊರವಿತ್ತು, ಎದುರಿಗೆ ನಿಮ್ಮ ಉಮ್ಮ ನನಗಾಗಿ ಎಲೆ ಕತ್ತರಿಸುತ್ತಿದ್ದರು. ಸಾಯಬೇಕು ಅನಿಸಿತ್ತು. ಆದರೆ ಆ ವಾರದ ಬೀಡಿ ಕಟ್ಟು ಡಿಪೋಗೆ ಕೊಡಲಿಕ್ಕಿತ್ತು.

ಇದ್ದತ್ತಿನ ದಿನಗಳನ್ನು ಹೊಸಿಲು ದಾಟದೆ ಕಳೆದೆ. ಮುಗಿದ ದಿನವೇ ಜಮಾಅತ್‌ನ ಅಬ್ದುಲ್ ವಹಾಬ್ ಹಾಜಿಯವರು ಬಂದರು. ನೀವು ಫೋನು ಮಾಡಿಸಿದ್ದಿರಂತೆ. "ಕೊಡುವುದನ್ನೆಲ್ಲ ಕೊಟ್ಟಿದ್ದಾನೆ ಮಗಳೇ, ಲೆಕ್ಕ ಸರಿ ಉಂಟು. ಇನ್ನು ಮನೆ ಬಿಟ್ಟುಕೊಟ್ಟರೆ ಎಲ್ಲರಿಗೂ ಒಳ್ಳೇದು" ಎಂದರು. ನಾನು ಚಹಾ ಕೊಟ್ಟು, ಕಪಾಟಿನಿಂದ ಕ್ರಯಪತ್ರ ತಂದು ಅವರ ಮುಂದಿಟ್ಟೆ. ನಿಮಗೆ ಮರೆತುಹೋಗಿದೆ. ತೊಂಬತ್ತನಾಲ್ಕರಲ್ಲಿ ನಿಮಗಿದ್ದದ್ದು ಇಪ್ಪತ್ತೆಂಟು ದಿನದ ರಜೆ. ಈ ಮನೆಯ ಜಾಗದ ಕಾಗದ ಸರಿಯಾಗಿ ನೋಂದಣಿಯ ದಿನ ಸಿಕ್ಕುವಾಗ ನೀವು ವಿಮಾನ ಹತ್ತಿ ಆಗಿತ್ತು. ಆಗ ಫೋನಿನಲ್ಲಿ ಹೇಳಿದ್ದಿರಿ, "ನಿನ್ನ ಹೆಸರಲ್ಲೇ ಮಾಡುವ ಮಾರಾಯ್ತಿ, ನೀನು ಬೇರೆ ನಾನು ಬೇರೆಯಾ?" ಆ ಮಾತನ್ನು ಎಷ್ಟು ವರ್ಷ ಎದೆಯಲ್ಲಿಟ್ಟುಕೊಂಡು ತಿರುಗಿದೆನೋ. ಹಾಜಿಯವರು ಕನ್ನಡಕ ಹಾಕಿ ಎರಡು ಸಲ ಓದಿದರು, ಚಹಾ ಕುಡಿಯದೆ ಹೋದರು.

ಬಂಟ್ವಾಳದಲ್ಲಿ ನಾನೂ ಒಬ್ಬ ವಕೀಲರನ್ನು ಕಂಡೆ. ಹೆಂಡತಿಯ ಹೆಸರಲ್ಲಿ ಕೊಂಡದ್ದನ್ನು ಹೆಂಡತಿಗಾಗಿಯೇ ಕೊಂಡದ್ದೆಂದು ಕಾನೂನು ತಿಳಿಯುತ್ತದಂತೆ, ಅಲ್ಲವೆಂದು ತೋರಿಸುವ ಕಷ್ಟ ಗಂಡನದ್ದಂತೆ. ಎಷ್ಟು ಮರ್ಯಾದೆಯ ಕಾನೂನು ನೋಡಿ. ಮರದ ವ್ಯಾಪಾರದ ಸುಲೈಮಾನ್ ಮನೆಯನ್ನು ಒಳ್ಳೆಯ ಬೆಲೆಗೆ ಕೇಳಿದರು, ಕಳೆದ ವಾರ ಕ್ರಯ ಮಾಡಿಕೊಟ್ಟೆ. ನೀವು ದಮ್ಮಾಮಿನಿಂದ ತಂದ ಗೋಡೆ ಗಡಿಯಾರವೂ ಅದರಲ್ಲೇ ಹೋಯಿತು. ಮೂಡುಬಿದಿರೆಯಲ್ಲಿ ನನಗೊಂದು ಸಣ್ಣ ಮನೆ ನೋಡಿದ್ದೇನೆ, ಒಬ್ಬಳಿಗೆ ಸಾಕು.

ಉಮ್ಮ ಕ್ಷೇಮವಾಗಿದ್ದಾರೆ. ನನಗೆ ಒಂದು ದಿನವೂ ಕೆಟ್ಟದ್ದು ಮಾಡಿದವರಲ್ಲ. ನನ್ನ ಎರಡು ಗರ್ಭ ಇಳಿದಾಗ ಅತ್ತದ್ದು ಅವರೊಬ್ಬರೇ. ಅವರನ್ನು ನಾನು ಈಗಲೂ ಪ್ರೀತಿಸುತ್ತೇನೆ, ನಿಮ್ಮನ್ನು ದ್ವೇಷಿಸುತ್ತೇನೆ, ಎರಡೂ ಒಂದೇ ಮನೆಯಲ್ಲಿ ಕಷ್ಟ. ಮನೆ ನನ್ನದು ಎಂದು ತಿಳಿದ ಮೇಲೆ, ಆಗಸ್ಟ್ ಹದಿಮೂರರಿಂದ ಅವರ ಖರ್ಚನ್ನು ನಿಮ್ಮ ದರದಲ್ಲೇ ನಡೆಸಿದ್ದೇನೆ. ದಿನಕ್ಕೆ ಇಪ್ಪತ್ತೈದು ರೂಪಾಯಿ. ಮಧ್ಯಾಹ್ನ ಗಂಜಿ, ಶುಕ್ರವಾರ ಮಾತ್ರ ಬಂಗುಡೆ. ಮೊದಲ ವಾರ "ಮೀನು ಇಲ್ವಾ ಮೋಳೆ?" ಎಂದು ಮಗಳನ್ನು ಕೇಳಿದಂತೆ ಕೇಳಿದರು, ಆಮೇಲೆ ಕೇಳಲಿಲ್ಲ. ನಿಮ್ಮ ಪಟ್ಟಿಯಲ್ಲಿ ಮದ್ದು ಇರಲಿಲ್ಲ, ಆದ್ದರಿಂದ ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಬೇಕಿತ್ತು. ನಾಲ್ಕು ದಿನ ನಿಲ್ಲಿಸಿದೆ. ಐದನೆಯ ದಿನ ಬೀಡಿಯ ದುಡ್ಡಿನಲ್ಲಿ ತಂದುಕೊಟ್ಟೆ. ಅಷ್ಟರ ಮಟ್ಟಿಗೆ ನಿಮ್ಮಷ್ಟು ಗಟ್ಟಿಯಾಗಲು ನನ್ನಿಂದ ಆಗಲಿಲ್ಲ.

ಅಲ್ಲಾಹು ನಿಮಗೆ ಆಯುಷ್ಯ ಕೊಡಲಿ, ಇದನ್ನೆಲ್ಲ ನೆನೆಯುತ್ತ ಕೂರುವಷ್ಟು. ರಶೀನಾಳಿಗೆ ಸಲಾಂ.

ಇಂತಿ,
ನಸೀಬಾ

ಮರೆತಿದ್ದೆ: ಉಮ್ಮನ ಮೂರು ತಿಂಗಳು ಈ ಶುಕ್ರವಾರ ಮುಗಿಯುತ್ತದೆ. ಕೀಲಿಕೈ ಅಂದೇ ಸುಲೈಮಾನರಿಗೆ. ಜುಮಾ ಆದ ಮೇಲೆ ಆಟೋ ಹೇಳಿದ್ದೇನೆ, ಪುಂಜಾಲಕಟ್ಟೆಯಲ್ಲಿ ರಶೀನಾಳ ತಂದೆಯ ಗೇಟಿನವರೆಗೆ. ಅಳಿಯನ ತಾಯಿ ಹೆಣ್ಣಿನ ಮನೆಯಲ್ಲಿ ಹೋಗಿ ಕೂತದ್ದು ನಮ್ಮ ಕಡೆ ಇಲ್ಲ, ಅವರಿಗೆ ತಿಳಿಸಿಯೂ ಇಲ್ಲ. ಬೂತಿನಿಂದ ನಿಮಗೆ ಫೋನು ಮಾಡಬಹುದಿತ್ತು. ಆದರೆ ನೀವು ನನಗೆ ತಿಳಿಸಿದ್ದು ಅಂಚೆಯಲ್ಲಿ, ಮತ್ತು ಅಂಚೆ ದಮ್ಮಾಮಿಗೆ ತಲುಪಲು ಹನ್ನೆರಡು ದಿನ ಬೇಕು. ಉಮ್ಮ ಪೆರ್ನಾಳ್ ಹಬ್ಬದ ತಲೆವಸ್ತ್ರ ತೆಗೆದು ಮಡಚಿಟ್ಟಿದ್ದಾರೆ. ಮಗ ಪುಂಜಾಲಕಟ್ಟೆಗೆ ಬಂದಿದ್ದಾನೆ, ಅದಕ್ಕೇ ಕರೆದುಕೊಂಡು ಹೋಗುತ್ತಿದ್ದೇನೆ ಎಂದು ತಿಳಿದಿದ್ದಾರೆ. ನಾನು ಅಲ್ಲ ಎನ್ನಲಿಲ್ಲ.