ಮುಚ್ಚಳ ತೆರೆಯದ ಮದ್ದು

ಅಪ್ಪಾ,
ಚಹಾ ಕೆಳಗಿಟ್ಟು ಓದು, ಇದು ನಿಜವಾಗಿ ನಡೆದ ಕಥೆ.

ಮೈಲೇಜ್ ಹೆಚ್ಚಿಸುವ ಆ ಬಾಟಲಿಯನ್ನು ಅಮ್ಮನ ಕಾರಿನ ಟ್ಯಾಂಕಿಗೆ ಸುರಿ ಎಂದಿದ್ದೆಯಲ್ಲ, ನಾನು ಸುರಿಯಲೇ ಇಲ್ಲ. ಅದು ಶೆಡ್ಡಿನಲ್ಲಿ ಹಾಗೇ ಕೂತಿದೆ. ಈಸ್ಟರ್ ರಜೆಯಲ್ಲಿ ಗೂಲ್ವಾ ಕಡಲತೀರದ ಮರಳಿಗೆ ಕಾರು ಇಳಿಸಲು ನೀನು ಟೈರುಗಳ ಗಾಳಿ ಬಿಟ್ಟೆ, ಮೀನು ಸಿಕ್ಕ ಖುಷಿಯಲ್ಲಿ ಮತ್ತೆ ತುಂಬಿಸುವುದನ್ನು ಮರೆತೆ. ಗಾಳಿಯಿಲ್ಲದ ಟೈರಿನಲ್ಲಿ ಕಾರು ಅಷ್ಟು ದಿನ ಪೆಟ್ರೋಲ್ ಕುಡಿಯಿತು. ಮೊನ್ನೆ ನಾನು ಗಾಳಿ ತುಂಬಿಸಿದೆ, ಅಷ್ಟೇ.

ನೀನೋ ಕ್ಲಬ್ಬಿನಲ್ಲಿ ಕಾರಿನ ಬಗ್ಗೆ ಕೊಚ್ಚಿಕೊಂಡೆ: "ಬಾಟಲಿ ಅಂದ್ರೆ ಇದು ಕಣ್ರಯ್ಯಾ! ಮುದುಕಿ ಈಗ ಪೆಟ್ರೋಲ್ ವಾಸ್ನೆ ನೋಡ್ಕೊಂಡೇ ಓಡ್ತಾಳೆ. ಮದ್ದು ಇಳಿಯೋದ್ರೊಳಗೆ ಮಾರ್ಬಿಡ್ಬೇಕು!"

ಕಾರಿಗೆ ರೋಗವೇ ಇಲ್ಲ. ಅಮ್ಮನ ಟೋಪಿ ಇನ್ನೂ ಹಿಂದಿನ ಸೀಟಿನಲ್ಲಿದೆ, ತೆಗೆಯಲು ನಮ್ಮಿಬ್ಬರಿಗೂ ಮನಸ್ಸು ಬಂದಿಲ್ಲ. ನಿನ್ನ ಮಾತು ನಂಬಿ ಆ ಡಗಲ್ ಕಾರು ಕೊಳ್ಳಲು ಬಂದರೆ ಬಿಸ್ಕತ್ತು ಕೊಟ್ಟು ಕಳಿಸಿಬಿಡು.

ನೀನು ಇದನ್ನು ಓದುವಾಗ ನಾನು ಬೀದಿಯ ಕೊನೆಯಲ್ಲಿ ಬಸ್ಸಿಗೆ ಕಾಯುತ್ತಿರುತ್ತೇನೆ. ನಿನ್ನ ನಗು ಅಲ್ಲಿಯವರೆಗೂ ಕೇಳಿಸಿದರೆ, ಕಾರು ಮನೆಯಲ್ಲೇ ಉಳಿಯಿತು ಎಂದುಕೊಳ್ಳುತ್ತೇನೆ.

ಬ್ರಿಯೋನಿ